ಮಗ್ಗವನ್ನು ಹಾದುಹೋದ ಕ್ಯಾಮೆರಾ

ಕಂಪ್ಯೂಟರಿನ ಹುಟ್ಟನ್ನು ಹೇಳುವ ಟಿವಿ ಸಾಕ್ಷ್ಯಚಿತ್ರಗಳಲ್ಲಿ ಮಗ್ಗವೊಂದು ಕಾಣಿಸಿಕೊಳ್ಳುವುದು ಹೆಚ್ಚುಕಡಿಮೆ ಶಾಸ್ತ್ರವೇ ಆಗಿಬಿಟ್ಟಿದೆ. ಫ್ರಾನ್ಸಿನ ಲಿಯೋನ್ ಪಟ್ಟಣ, 1804ರ ಆಸುಪಾಸು, ಜೋಸೆಫ್ ಮರಿ ಜಕಾರ್ಡ್ ಎಂಬ ನೇಯ್ಗೆಯ ಮನೆತನದವನು. ತೂತು ಕೊರೆದ ರಟ್ಟಿನ ಕಾರ್ಡುಗಳ ಸರವೊಂದು ಮಗ್ಗದ ನೆತ್ತಿಯ ಮೇಲೆ ಒಂದೊಂದೇ ಉರುಳುತ್ತದೆ. ಕೆಳಗೆ ರೇಷ್ಮೆಯಲ್ಲಿ ಹೂವು ಬಿಡುತ್ತದೆ. ಅಲ್ಲಿಂದ ಲೆಕ್ಕದ ಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್, ಆಮೇಲೆ 1890ರ ಅಮೆರಿಕದ ಜನಗಣತಿಗೆ ಕಾರ್ಡು ಯಂತ್ರ ಮಾಡಿಕೊಟ್ಟ ಹರ್ಮನ್ ಹಾಲರಿತ್, ಆಮೇಲೆ ಯುದ್ಧಕಾಲದ ದೈತ್ಯ ಯಂತ್ರಗಳು, ಕೊನೆಗೆ ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜು. ಜೇಮ್ಸ್ ಬರ್ಕ್ 1978ರಲ್ಲಿ ಬಿಬಿಸಿಗಾಗಿ ಮಾಡಿದ 'ಕನೆಕ್ಷನ್ಸ್' ಸರಣಿಯ ಒಂದು ಕಂತು ಮಗ್ಗದಿಂದ ಜನಗಣತಿಯ ಕಾರ್ಡಿಗೆ, ಅಲ್ಲಿಂದ ಕಂಪ್ಯೂಟರಿಗೆ ಹೀಗೇ ದಾಟುತ್ತದೆ. ಅನಂತರ ಬಂದ ಎಷ್ಟೋ ಚಿತ್ರಗಳೂ ಇದೇ ಜಾಡಿನಲ್ಲಿ ನಡೆದಿವೆ. ಮಗ್ಗಕ್ಕೆ ಅಲ್ಲಿ ಸಿಗುವುದು ಪೂರ್ವಜನ ಮರ್ಯಾದೆ. ಅದನ್ನು ತೋರಿಸಿ, ನಮಸ್ಕರಿಸಿ, ಕ್ಯಾಮೆರಾ ಮುಂದೆ ಹೋಗುತ್ತದೆ. ಆ ಯಂತ್ರದ ಆಯುಸ್ಸು ಮುಗಿಯಿತೆಂದು ನೋಡುವವರು ಅಂದುಕೊಳ್ಳುತ್ತಾರೆ.

ಅದು ದೊಡ್ಡಬಳ್ಳಾಪುರದಲ್ಲಿ ಇನ್ನೂ ಓಡುತ್ತಿದೆ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಈ ಊರಿನ ನೇಕಾರರ ಬೀದಿಗಳಲ್ಲಿ ನಡೆದವರಿಗೆ ಮನೆಗಳ ಒಳಗಿಂದ ಬರುವ ಆ ಒಂದೇ ತಾಳದ ಸದ್ದು ಗೊತ್ತು. ಕರೆಂಟು ಹೋದಾಗ ಇಡೀ ಬೀದಿ ಒಮ್ಮೆಗೇ ನಿಂತುಬಿಡುತ್ತದೆ. ಬಂದಾಗ ಮನೆಯಿಂದ ಮನೆಗೆ ಸದ್ದು ಹತ್ತಿಕೊಳ್ಳುತ್ತದೆ. ವಿದ್ಯುತ್ ಮಗ್ಗದ ಮೇಲೆ ಕೂರಿಸಿರುವ ಜಕಾರ್ಡಿನ ತತ್ತ್ವ ಲಿಯೋನಿನದೇ. ಒಂದು ಕಾರ್ಡು ಎಂದರೆ ಹೊಕ್ಕಿನ ಒಂದು ಎಳೆ. ಕಾರ್ಡಿನಲ್ಲಿ ತೂತಿದ್ದ ಕಡೆ ಸೂಜಿ ಒಳಹೋಗುತ್ತದೆ, ಅದಕ್ಕೆ ಸೇರಿದ ಕೊಕ್ಕೆ ತನ್ನ ಜಾಗದಲ್ಲೇ ಇದ್ದು ಹಾಸಿನ ಎಳೆಯನ್ನು ಮೇಲಕ್ಕೆತ್ತುತ್ತದೆ. ತೂತಿಲ್ಲದ ಕಡೆ ರಟ್ಟು ಸೂಜಿಯನ್ನು ಹಿಂದಕ್ಕೆ ತಳ್ಳುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಎದ್ದ ಎಳೆಗಳ ಅಡಿಯಲ್ಲಿ ಲಾಳಿ ಹಾಯುತ್ತದೆ. ಮುಂದಿನ ಕಾರ್ಡು ಬರುತ್ತದೆ. ಸೆರಗಿನ ನವಿಲು, ಅಂಚಿನ ಬಳ್ಳಿ, ಒಡಲಿನ ಬುಟ್ಟಾ ಎಲ್ಲವೂ ಹೀಗೆ ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರಗಳಿಂದ ಆದವು. 1839ರಲ್ಲಿ ಲಿಯೋನಿನಲ್ಲಿ ಜಕಾರ್ಡನದೇ ಮುಖಚಿತ್ರವನ್ನು ರೇಷ್ಮೆಯಲ್ಲಿ ನೇಯ್ದಾಗ ಸುಮಾರು 24,000 ಕಾರ್ಡುಗಳು ಬೇಕಾಗಿದ್ದವು. ಬ್ಯಾಬೇಜ್ ಅದರ ಒಂದು ಪ್ರತಿಯನ್ನು ತರಿಸಿ ತನ್ನ ಮನೆಯಲ್ಲಿ ತೂಗುಹಾಕಿದ್ದ.

ಸಾಕ್ಷ್ಯಚಿತ್ರಗಳು ಎಳೆಯುವ ಈ ವಂಶವೃಕ್ಷದಲ್ಲಿ ಒಂದು ಅವಸರವಿದೆ. ಜಕಾರ್ಡ್ ಮಗ್ಗ ಲೆಕ್ಕ ಮಾಡುವುದಿಲ್ಲ. ಹೇಳಿದ್ದನ್ನು ಹೇಳಿದ ಕ್ರಮದಲ್ಲಿ ಮಾಡುತ್ತದೆ, ಅಷ್ಟೆ. ಬಂದ ಫಲಿತಾಂಶ ನೋಡಿ ಮುಂದಿನ ಹೆಜ್ಜೆ ಬದಲಿಸುವುದು ಅದಕ್ಕೆ ಬಾರದು. ಮಗ್ಗದ ಕಾರ್ಡಿನಲ್ಲಿರುವುದು ಆಜ್ಞೆ, ಹಾಲರಿತ್‌ನ ಕಾರ್ಡಿನಲ್ಲಿದ್ದದ್ದು ಒಬ್ಬ ಮನುಷ್ಯನ ವಯಸ್ಸು, ಕಸುಬು, ಹುಟ್ಟಿದ ನಾಡು. ಎರಡೂ ತೂತು ಬಿದ್ದ ರಟ್ಟು ಎಂಬುದನ್ನು ಬಿಟ್ಟರೆ ಅವುಗಳ ಕೆಲಸ ಬೇರೆ ಬೇರೆ. ಟಿವಿಗೆ ಕಣ್ಣಿಗೆ ಕಾಣುವ ಹೋಲಿಕೆ ಬೇಕು, ಸಿಕ್ಕಿತು. ಇದನ್ನು ದೊಡ್ಡ ತಪ್ಪೆಂದು ನಾನು ಎಣಿಸುವುದಿಲ್ಲ. ನನ್ನನ್ನು ಕಾಡುವುದು ಆ ವೃಕ್ಷದ ಇನ್ನೊಂದು ಗುಣ: ಹೊಸದು ಹುಟ್ಟಿದೊಡನೆ ಹಳೆಯದು ಸತ್ತಿತೆಂದು ಅದು ತಿಳಿಯುತ್ತದೆ. ಕಾರ್ಡು ಮೊದಲು, ಕಂಪ್ಯೂಟರ್ ಆಮೇಲೆ, ಮತ್ತೆ ಹಿಂದಕ್ಕೆ ನೋಡುವ ಮಾತೇ ಇಲ್ಲ. ದೊಡ್ಡಬಳ್ಳಾಪುರದಂಥ ನೇಯ್ಗೆಯ ಊರುಗಳಲ್ಲಿ ಈ ಕ್ರಮವೇ ತಿರುಗಿತು. ಅಲ್ಲಿ ಕಂಪ್ಯೂಟರ್ ಕಾಲಿಟ್ಟ ಕೆಲಸಗಳಲ್ಲೊಂದು ಸೀರೆಯ ಡಿಸೈನು ಬರೆದು ಕಾರ್ಡು ಕೊರೆಸುವುದು. ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬಣ್ಣ ತುಂಬಿ, ಅದನ್ನು ನೋಡಿಕೊಂಡು ಕೈಯಲ್ಲಿ ಕಾರ್ಡು ಕೊರೆಯುತ್ತಿದ್ದ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿತು, ಮೊಮ್ಮಗ ಊರಿಗೆ ಬಂದು ಅಜ್ಜನ ಪತ್ರ ಬರೆದುಕೊಟ್ಟ ಹಾಗೆ. ಈಗ ಎಲೆಕ್ಟ್ರಾನಿಕ್ ಜಕಾರ್ಡು ಬಂದಿದೆ, ಕಾರ್ಡೇ ಬೇಡ, ಪೆನ್‌ಡ್ರೈವ್ ಸಾಕು. ಆದರೂ ನಡುವೆ ವರ್ಷಗಟ್ಟಲೆ ಪೂರ್ವಜನೂ ವಂಶಜನೂ ಒಂದೇ ಸೂರಿನ ಕೆಳಗೆ ದುಡಿದದ್ದು ಯಾವ ಕಂತಿನಲ್ಲೂ ನನಗೆ ಕಾಣಲಿಲ್ಲ.

ಇನ್ನು ಗ್ಯಾರೇಜು. 1970ರ ದಶಕದ ಮನೆ ಕಂಪ್ಯೂಟರುಗಳ ಕಥೆಯನ್ನು ಟಿವಿ ಹೇಳಿದ ರೀತಿಗೆ ಒಂದು ಹದ ಬಂದದ್ದು 1990ರ ದಶಕದಲ್ಲಿ. 1992ರಲ್ಲಿ 'ದಿ ಮೆಷಿನ್ ದಟ್ ಚೇಂಜ್ಡ್ ದಿ ವರ್ಲ್ಡ್' ಬಂತು, 1996ರಲ್ಲಿ ರಾಬರ್ಟ್ ಕ್ರಿಂಜ್ಲಿ ನಿರೂಪಿಸಿದ 'ಟ್ರಯಂಫ್ ಆಫ್ ದಿ ನರ್ಡ್ಸ್'. ಎರಡನೆಯದನ್ನು ನೋಡಿದವರು ಅದರ ಸೊಗಸನ್ನು ಮರೆಯಲಾರರು. ಕಂಪನಿ ಕಟ್ಟಿದವರು ಇನ್ನೂ ನಡುವಯಸ್ಸಿನಲ್ಲಿದ್ದಾರೆ, ನೆನಪು ಬಿಸಿಯಾಗಿದೆ, ಮಾತಿಗೆ ಕುಳಿತರೆ ಕಣ್ಣು ಹೊಳೆಯುತ್ತದೆ. ಆಲ್ಟೇರ್ 8800 ಎಂಬ ಕಂಪ್ಯೂಟರ್ ಮಾಡಿದ ಎಡ್ ರಾಬರ್ಟ್ಸ್, ಆಪಲ್‌ನ ಸ್ಟೀವ್ ವಾಜ್ನಿಯಾಕ್ ಮತ್ತು ಸ್ಟೀವ್ ಜಾಬ್ಸ್, ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್, ಎಲ್ಲರೂ ತಮ್ಮ ಬಾಯಿಂದಲೇ ಹೇಳುತ್ತಾರೆ. ಜಾಬ್ಸ್ ಜೊತೆ ನಡೆದ ಸುದೀರ್ಘ ಸಂದರ್ಶನದಲ್ಲಿ ಚಿತ್ರಕ್ಕೆ ಬಳಕೆಯಾದದ್ದು ಕೆಲವೇ ನಿಮಿಷ. ಮೂಲ ಟೇಪು ಲಂಡನ್ನಿನಿಂದ ಅಮೆರಿಕಕ್ಕೆ ಹೋಗುವ ದಾರಿಯಲ್ಲಿ ಕಳೆದುಹೋಯಿತು. ಜಾಬ್ಸ್ ತೀರಿಕೊಂಡ ಮೇಲೆ ಅದರ ವಿಎಚ್‌ಎಸ್ ಪ್ರತಿಯೊಂದು ನಿರ್ದೇಶಕ ಪಾಲ್ ಸೆನ್ ಅವರ ಗ್ಯಾರೇಜಿನಲ್ಲಿ ಸಿಕ್ಕಿ, ಪ್ರತ್ಯೇಕ ಚಿತ್ರವಾಗಿ ತೆರೆಗೆ ಬಂತು. ಚರಿತ್ರೆ ಎಂದು ನಾವು ಕರೆಯುವುದು ಎಷ್ಟು ಸಣ್ಣ ಎಳೆಯ ಮೇಲೆ ನಿಂತಿರುತ್ತದೆ ಎಂದು ಆ ಸುದ್ದಿ ಓದಿದಾಗ ಅನಿಸಿತ್ತು. ಮಾತಾಡಿದವರು ಉಳಿಯುತ್ತಾರೆ. ಮಾತಾಡಿದವರಲ್ಲೂ ಟೇಪು ಉಳಿದವರು ಉಳಿಯುತ್ತಾರೆ.

ಆಪಲ್ ಹುಟ್ಟಿತೆನ್ನುವ ಗ್ಯಾರೇಜಿನ ಕಥೆಯನ್ನು ವಾಜ್ನಿಯಾಕ್ ಅವರೇ 2014ರಲ್ಲಿ ತಿದ್ದಿದರು: ವಿನ್ಯಾಸ ಆದದ್ದು ಅಲ್ಲಲ್ಲ, ತಯಾರಿಕೆಯೂ ಅಲ್ಲಲ್ಲ, ಗ್ಯಾರೇಜಿನ ಪಾತ್ರವನ್ನು ಹಿಗ್ಗಿಸಿ ಹೇಳಲಾಗಿದೆ ಎಂದರು. 1976ರಲ್ಲಿ ಜಾಬ್ಸ್ ಮತ್ತು ವಾಜ್ನಿಯಾಕ್ ಆಪಲ್ 1 ಎಂಬ ಬೋರ್ಡನ್ನು ಸುಮಾರು 200ರಷ್ಟು ಮಾಡಿದರು; ಅಂಗಡಿಯಲ್ಲಿ ಒಂದರ ಬೆಲೆ 666 ಡಾಲರ್ 66 ಸೆಂಟು. ಬೋರ್ಡಿನಲ್ಲಿ ಚಿಪ್ಪು ಕೂರಿಸುವ ಕೆಲಸಕ್ಕೆ ಜಾಬ್ಸ್ ಅವರ ತಂಗಿ ಪ್ಯಾಟಿಯೂ ಕೈಹಾಕಿದ್ದಳು, ಬೋರ್ಡೊಂದಕ್ಕೆ ಒಂದು ಡಾಲರ್ ಕೂಲಿ. ಜಾಬ್ಸ್ ಅವರ ಜೀವನಚರಿತ್ರೆಯಲ್ಲಿ ಇದು ದಾಖಲಾಗಿದೆ. ಟಿವಿಯ ಗ್ಯಾರೇಜಿನಲ್ಲಿ ಮಾತ್ರ ನನಗೆ ಕಾಣುವುದು ಇಬ್ಬರು ಯುವಕರೇ.

ಕೈಗಳ ಬಗ್ಗೆಯೇ ಇನ್ನಷ್ಟು ಹೇಳಬೇಕಾಗಿದೆ. ಈ ಚರಿತ್ರೆಯ ಬದಿಗೆ ಸರಿದು ನೋಡಿದಾಗ ನನಗೆ ಮತ್ತೆ ಮತ್ತೆ ಎದುರಾದದ್ದು ನೇಯ್ಗೆಯ ಊರುಗಳು.

ಆಲ್ಟೇರ್ ಮಾಡಿದ ಕಂಪನಿ ಇದ್ದದ್ದು ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ. 1975ರ ಜನವರಿ ಸಂಚಿಕೆಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಆ ಯಂತ್ರ ಬಂದದ್ದನ್ನು ಸಾಕ್ಷ್ಯಚಿತ್ರಗಳು ಮುಹೂರ್ತದ ಹಾಗೆ ತೋರಿಸುತ್ತವೆ. ಅದೇ ರಾಜ್ಯದ ಶಿಪ್‌ರಾಕ್ ಎಂಬಲ್ಲಿ, ನವಾಹೋ ಮೂಲನಿವಾಸಿಗಳ ನೆಲದಲ್ಲಿ, ಫೇರ್‌ಚೈಲ್ಡ್ ಕಂಪನಿ 1965ರಿಂದ ಕಾರ್ಖಾನೆ ನಡೆಸುತ್ತಿತ್ತು. ನವಾಹೋ ಹೆಂಗಸರು ಸೂಕ್ಷ್ಮದರ್ಶಕದಡಿ ಇಂಟಿಗ್ರೇಟೆಡ್ ಸರ್ಕ್ಯೂಟುಗಳನ್ನು ಜೋಡಿಸುತ್ತಿದ್ದರು. 1969ರಲ್ಲಿ ಕಂಪನಿ ಹೊರತಂದ ಕಿರುಪುಸ್ತಕವೊಂದು ಅವರ ಕಂಬಳಿಯ ವಿನ್ಯಾಸವನ್ನೂ ಚಿಪ್ಪಿನ ವಿನ್ಯಾಸವನ್ನೂ ಪಕ್ಕಪಕ್ಕದಲ್ಲಿಟ್ಟು ಮೆಚ್ಚಿಕೊಂಡಿತು. ಮೆಚ್ಚುಗೆ ನಿಜವೇ ಇರಬಹುದು. ಆದರೆ ಕಲಿತು ಗಳಿಸಿದ ಕುಶಲತೆಯನ್ನು ರಕ್ತದಲ್ಲೇ ಬಂದದ್ದು ಎಂದು ಹೊಗಳಿದಾಗ ಅದಕ್ಕೆ ಕೊಡಬೇಕಾದ ಬೆಲೆ ತಗ್ಗುತ್ತದೆ. ಹುಟ್ಟಿನಿಂದ ಇದ್ದದ್ದಕ್ಕೆ ಯಾರು ಹೆಚ್ಚು ಕೂಲಿ ಕೊಡುತ್ತಾರೆ? 1975ರ ಫೆಬ್ರವರಿಯಲ್ಲಿ, ಹಲವರನ್ನು ಕೆಲಸದಿಂದ ತೆಗೆದ ಮೇಲೆ, ಮೂಲನಿವಾಸಿ ಹೋರಾಟಗಾರರು ಆ ಕಾರ್ಖಾನೆಯನ್ನು ಹಿಡಿದುಕೊಂಡು ಕುಳಿತರು. ಕೆಲವೇ ವಾರಗಳಲ್ಲಿ ಕಂಪನಿ ಅದನ್ನು ಮುಚ್ಚಿತು. ಒಂದೇ ರಾಜ್ಯ, ಒಂದೇ ಚಳಿಗಾಲ. ಮನೆ ಕಂಪ್ಯೂಟರಿನ ಮುಹೂರ್ತವೂ ಈ ಮುಚ್ಚುಗೆಯೂ ಎದುರುಬದುರು ನಡೆದವು. ಆದರೆ ಮುಹೂರ್ತದ ಚಿತ್ರದಲ್ಲಿ ಶಿಪ್‌ರಾಕ್‌ಗೆ ಜಾಗ ಸಿಗಲಿಲ್ಲ.

ಎರಡನೆಯ ಊರು ಸ್ಕಾಟ್ಲೆಂಡಿನ ಡಂಡೀ. ನಮ್ಮ ಬಂಗಾಳದ ಸೆಣಬನ್ನು ತರಿಸಿ ಗೋಣಿ ನೇಯ್ದು ಬದುಕಿದ ಪಟ್ಟಣ, ಗಿರಣಿಗಳಲ್ಲಿ ಹೆಂಗಸರೇ ಹೆಚ್ಚು. ಗಿರಣಿಗಳು ಸೊರಗುತ್ತಿದ್ದ ಕಾಲಕ್ಕೆ ಟೈಮೆಕ್ಸ್ ಗಡಿಯಾರ ಕಂಪನಿ ಅಲ್ಲಿ ನೆಲೆಯೂರಿತು. ಕ್ಲೈವ್ ಸಿಂಕ್ಲೇರ್ ಅವರ ಝಡ್‌ಎಕ್ಸ್ 81 ಮತ್ತು 1982ರ ಸ್ಪೆಕ್ಟ್ರಮ್, ಬ್ರಿಟನ್ನಿನ ಮಕ್ಕಳ ಮೊದಲ ಕಂಪ್ಯೂಟರುಗಳು, ಜೋಡಣೆಯಾದದ್ದು ಅಲ್ಲಿ, ಬಹುಪಾಲು ಹೆಂಗಸರ ಕೈಯಲ್ಲಿ. 2009ರಲ್ಲಿ ಬಿಬಿಸಿ ಫೋರ್ ವಾಹಿನಿ 'ಮೈಕ್ರೋ ಮೆನ್' ಎಂಬ ಟಿವಿ ಚಿತ್ರ ಮಾಡಿತು. ಅದರ ಜೀವ ಸಿಂಕ್ಲೇರ್ ಮತ್ತು ಅವರ ಬಳಿ ಕೆಲಸ ಮಾಡಿ ಹೊರಬಂದ ಕ್ರಿಸ್ ಕರ್ರಿ ಅವರ ಪೈಪೋಟಿ. ಹತ್ತು ವರ್ಷದ ಮೇಲೆ, 2019ರಲ್ಲಿ, ಬಿಬಿಸಿ ಸ್ಕಾಟ್ಲೆಂಡ್ ಡಂಡೀಯ ಟೈಮೆಕ್ಸ್ ಕಾರ್ಖಾನೆಯ ಏಳುಬೀಳುಗಳ ಬಗ್ಗೆಯೇ ಒಂದು ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. 1993ರ ಮುಷ್ಕರ ಮತ್ತು ಬೀಗಮುದ್ರೆಯವರೆಗಿನ ಕಥೆ ಅದು. ಒಂದೇ ಯಂತ್ರ, ಎರಡು ಚಿತ್ರ. ಮೊದಲನೆಯದಕ್ಕೆ ಕಂಪ್ಯೂಟರ್ ಚರಿತ್ರೆ ಎಂಬ ಹೆಸರು ಬಂತು, ಎರಡನೆಯದು ಒಂದು ಊರಿನ ಕಾರ್ಮಿಕರ ಕಥೆ ಎನಿಸಿಕೊಂಡಿತು. ಈ ವಿಂಗಡಣೆ ಯಾರೋ ಕುಳಿತು ಮಾಡಿದ ಅನ್ಯಾಯವಲ್ಲ. ಆದರೂ ಇದನ್ನು ಒಪ್ಪಿಕೊಂಡರೆ ಯಂತ್ರವನ್ನು ಯೋಚಿಸಿದವರಿಗೆ ಮಾತ್ರ ಚರಿತ್ರೆ ಇದೆ, ಮಾಡಿದವರಿಗೆ ಬರೀ ಕಷ್ಟಸುಖ ಇದೆ ಎಂದು ಒಪ್ಪಿದ ಹಾಗಾಗುತ್ತದೆ. ನನ್ನಿಂದ ಅದು ಆಗದು.

ಟಿವಿಯನ್ನು ಹೊರಗೆ ನಿಂತ ಸಾಕ್ಷಿ ಎಂದುಕೊಳ್ಳುವುದೂ ಸರಿಯಲ್ಲ. ಈ ಕಥೆಯಲ್ಲಿ ಅದೂ ಒಬ್ಬ ಪಾತ್ರಧಾರಿ. ಅಂದಿನ ಹೆಚ್ಚಿನ ಮನೆ ಕಂಪ್ಯೂಟರುಗಳಿಗೆ ಸ್ವಂತ ಪರದೆ ಇರುತ್ತಿರಲಿಲ್ಲ; ಸ್ಪೆಕ್ಟ್ರಮ್ ಕೊಂಡವರು ಮನೆಯ ಟಿವಿಗೆ ಅದರ ವೈರು ಸಿಕ್ಕಿಸಿ, ಹಾಡು ಕೇಳುವ ಕ್ಯಾಸೆಟ್ ಪ್ಲೇಯರಿನಿಂದ ಪ್ರೋಗ್ರಾಮು ತುಂಬಿಸಿಕೊಳ್ಳುತ್ತಿದ್ದರು. 1978ರಲ್ಲಿ ಬಿಬಿಸಿಯ 'ಹೊರೈಜನ್' ಸರಣಿಯಲ್ಲಿ ಮೈಕ್ರೋಪ್ರೊಸೆಸರ್ ಬಂದರೆ ಯಾರ ಕೆಲಸ ಉಳಿದೀತು ಎಂದು ಕೇಳುವ ಕಂತೊಂದು ಬಂತು. ಬ್ರಿಟನ್ ಬೆಚ್ಚಿತು. ಜನರಿಗೆ ಕಂಪ್ಯೂಟರ್ ಕಲಿಸಲು ಬಿಬಿಸಿ ಕಾರ್ಯಕ್ರಮ ಸರಣಿಯೊಂದನ್ನು ಯೋಜಿಸಿತು, ಅದನ್ನು ನೋಡಿ ಕಲಿಯಲು ಒಂದು ಯಂತ್ರ ಬೇಕಾಯಿತು, ಏಕಾರ್ನ್ ಎಂಬ ಕೇಂಬ್ರಿಜ್ ಕಂಪನಿ ಅದನ್ನು ಮಾಡಿಕೊಟ್ಟಿತು. ಅದೇ ಬಿಬಿಸಿ ಮೈಕ್ರೋ. 1982ರ ಜನವರಿಯಲ್ಲಿ ಕಾರ್ಯಕ್ರಮ ಶುರುವಾಯಿತು. ಮುಂದಿನ ವರ್ಷಗಳಲ್ಲಿ ಆ ಯಂತ್ರ 15 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಟಿವಿ ಕಂಪ್ಯೂಟರನ್ನು ಚಿತ್ರಿಸಿದ್ದಷ್ಟೇ ಅಲ್ಲ, ಹಡೆದದ್ದೂ ಉಂಟು. ಆ ಬಿಬಿಸಿ ಮೈಕ್ರೋ ನಮ್ಮ ದೇಶಕ್ಕೂ ಬಂತು. 1984–85ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆಯಡಿ ಮೊದಲು ಸುಮಾರು 250 ಶಾಲೆಗಳಲ್ಲಿ ಮಕ್ಕಳು ಕಂಡ ಕಂಪ್ಯೂಟರ್ ಅದು.

ನಮ್ಮ ತಾಲ್ಲೂಕು ಪಟ್ಟಣಗಳ ಮನೆಗಳಿಗೆ ಆ ದಶಕದಲ್ಲಿ ಬಂದದ್ದು ಕಂಪ್ಯೂಟರಲ್ಲ, ಟಿವಿ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಆರಂಭವಾಯಿತು. 90ರ ದಶಕದ ಮೊದಲಲ್ಲಿ ಗಿರೀಶ ಕಾರ್ನಾಡರು ನಿರೂಪಿಸುತ್ತಿದ್ದ 'ಟರ್ನಿಂಗ್ ಪಾಯಿಂಟ್' ನೋಡಲು ವಿಜ್ಞಾನದ ಹುಚ್ಚಿನ ಹುಡುಗರು ಕಾದು ಕೂರುತ್ತಿದ್ದರು. ಮಗ್ಗದ ಮನೆಯಲ್ಲಿ ಟಿವಿ ಕೇಳಬೇಕೆಂದರೆ ಮಗ್ಗದ ಸದ್ದನ್ನು ಮೀರಿ ಜೋರು ಮಾಡಬೇಕು. ಅಮೆರಿಕದ ಸಾಕ್ಷ್ಯಚಿತ್ರಗಳಲ್ಲಿ ಒಂದು ಪ್ರಸಂಗ ಅಕ್ಕರೆಯ ನಗೆಯೊಂದಿಗೆ ಬರುತ್ತದೆ: ಕಂಪ್ಯೂಟರ್ ಮಾಡಿದವರಿಗೇ ಅದನ್ನು ಮನೆಯಲ್ಲಿ ಇಟ್ಟುಕೊಂಡು ಜನ ಏನು ಮಾಡುತ್ತಾರೆಂದು ಗೊತ್ತಿರಲಿಲ್ಲ, ಅಡುಗೆಯ ವಿಧಾನ ಬರೆದಿಡಬಹುದು, ಚೆಕ್‌ಬುಕ್ಕಿನ ಲೆಕ್ಕ ಇಡಬಹುದು ಎನ್ನುತ್ತಿದ್ದರು. ತೂತಿನ ಕಾರ್ಡಿನಿಂದ ನಡೆಯುವ ಯಂತ್ರವನ್ನು ನಡುಮನೆಯಲ್ಲೇ ಇಟ್ಟುಕೊಂಡ ನೇಕಾರರ ಮನೆಗೆ ಈ ಪ್ರಶ್ನೆ ಬಂದಿರಲಿಕ್ಕಿಲ್ಲ. ಅಲ್ಲಿ ಯಂತ್ರ ಕಾಲಿಡುವಾಗಲೇ ಕೆಲಸವನ್ನೂ ಸಾಲವನ್ನೂ ಜೊತೆಗೆ ತಂದಿರುತ್ತದೆ. ಅದರ ಸುತ್ತ ಮಲಗುವುದು, ಉಣ್ಣುವುದು, ಮಕ್ಕಳು ಓದುವುದು. ಯಂತ್ರದ ಜೊತೆ ಮನೆಯೊಳಗೆ ಬಾಳುವುದು ಹೇಗೆಂದು ಟಿವಿ ವಿಚಾರಿಸಬೇಕಾಗಿದ್ದರೆ, ಅದಕ್ಕೆ ಉತ್ತರ ಗೊತ್ತಿದ್ದವರು ಇಲ್ಲಿದ್ದರು.

ಏಕಾರ್ನ್‌ನ ಕಥೆ ಬಿಬಿಸಿ ಮೈಕ್ರೋಗೆ ಮುಗಿಯಲಿಲ್ಲ. ಆ ಯಂತ್ರ ಕಟ್ಟಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಂದೆ ಸ್ವಂತ ಪ್ರೊಸೆಸರ್ ಒಂದನ್ನು ವಿನ್ಯಾಸ ಮಾಡಿದರು. ಅದರ ಆಜ್ಞೆಗಳು ಸರಿಯಾಗಿ ನಡೆಯುತ್ತವೆಯೇ ಎಂದು ಸೋಫಿ ವಿಲ್ಸನ್ ಪರೀಕ್ಷಿಸಿದ್ದು ಬಿಬಿಸಿ ಮೈಕ್ರೋದ ಬೇಸಿಕ್ ಭಾಷೆಯಲ್ಲೇ ಬರೆದ ಪ್ರೋಗ್ರಾಮಿನಿಂದ. 1985ರಲ್ಲಿ ಕೈಗೆ ಬಂದ ಆ ಚಿಪ್ಪೇ ಆರ್ಮ್. ಇವತ್ತು ಐಫೋನಿನ ಪ್ರೊಸೆಸರ್ ನಡೆಯುವುದು ಆ ವಂಶದ ಆಜ್ಞೆಗಳ ಮೇಲೆ. ದೇವನಹಳ್ಳಿ ತಾಲ್ಲೂಕಿನಲ್ಲಿ, ದೊಡ್ಡಬಳ್ಳಾಪುರದ ಮಗ್ಗಗಳಿಂದ ಹೆಚ್ಚೇನೂ ದೂರವಿಲ್ಲದ 300 ಎಕರೆಯಲ್ಲಿ, ಫಾಕ್ಸ್‌ಕಾನ್ 2025ರಿಂದ ಐಫೋನ್ ಜೋಡಿಸುತ್ತಿದೆ. ಕೆಲಸಕ್ಕಿರುವವರಲ್ಲಿ ಹೆಚ್ಚಿನವರು ಯುವತಿಯರು.

ಹೀಗೆ ಸಾಕ್ಷ್ಯಚಿತ್ರಗಳು ಮೊದಲ ದೃಶ್ಯವಾಗಿ ತೋರಿಸುವ ಯಂತ್ರವೂ, ಅದೇ ಕಥೆ ಇಂದು ಬಂದು ನಿಲ್ಲುವ ಯಂತ್ರವೂ ಬೆಂಗಳೂರು ಗ್ರಾಮಾಂತರದಲ್ಲಿ ಅಕ್ಕಪಕ್ಕದ ತಾಲ್ಲೂಕುಗಳಲ್ಲಿವೆ. ಮೊದಲಿಗೂ ಕೊನೆಗೂ ನಡುವಿನ ದೂರ ಇಲ್ಲಿ ಒಂದು ಬಸ್ಸಿನ ಪ್ರಯಾಣ. ಇದನ್ನು ಜಿಲ್ಲೆಯ ಹೆಮ್ಮೆಯಾಗಿ ಬಾವುಟ ಕಟ್ಟಿ ಹೇಳಲು ನನಗೆ ಮನಸ್ಸಿಲ್ಲ. ಎರಡು ಕಡೆಯೂ ಯಂತ್ರವನ್ನು ಯೋಚಿಸಿದ್ದು ಬೇರೆಲ್ಲೋ. ಇಲ್ಲಿ ನಡೆಯುತ್ತಿರುವುದು ಕೈಗಳ ಕೆಲಸ. ಟಿವಿ ಈವರೆಗೆ ಹೇಳಿದ ರೀತಿಯಲ್ಲೇ ಹೇಳುತ್ತ ಹೋದರೆ ಈ ಜಿಲ್ಲೆ ಮೊದಲ ದೃಶ್ಯಕ್ಕೂ ಕೊನೆಯ ದೃಶ್ಯಕ್ಕೂ ಹಿನ್ನೆಲೆ ಒದಗಿಸಿ ನಡುವೆ ಎಲ್ಲೂ ಬಾಯಿ ತೆರೆಯದೆ ಉಳಿದುಬಿಡುತ್ತದೆ.

ಕನ್ನಡದವರಿಗೆ ಇದು ಹೆಚ್ಚು ಚುಚ್ಚಬೇಕು. ಕಸುಬಿನವರೇ ತಮ್ಮ ಕಸುಬಿನ ಮಾತಿನಲ್ಲಿ ಲೋಕದ ಬಗ್ಗೆ ಮಾತಾಡಿದ ಪರಂಪರೆ ನಮ್ಮದು. ವಚನಕಾರ ಜೇಡರ ದಾಸಿಮಯ್ಯ ನೇಯ್ಗೆಯವನು. ವಚನಕಾರ್ತಿ ಕದಿರ ರೆಮ್ಮವ್ವೆ ನೂಲುವವಳು. ತಾನು ತಿರುಗಿಸುವ ರಾಟೆಯ ಒಂದೊಂದು ಭಾಗವನ್ನೂ ಹೆಸರಿಟ್ಟು ಕರೆದು, ಅದರಲ್ಲೇ ತತ್ತ್ವ ಕಾಣಿಸಿದಳು. ಯಂತ್ರವನ್ನು ವರ್ಣಿಸಲು ಆಕೆಗೆ ಹೊರಗಿನ ನಿರೂಪಕನ ಅಗತ್ಯ ಬೀಳಲಿಲ್ಲ. ಸಾಧನ ಆಕೆಯ ಕೈಯಲ್ಲಿತ್ತು, ಅರ್ಥವೂ ಆಕೆಯ ಬಾಯಲ್ಲಿತ್ತು. ಕೈ ಒಬ್ಬರದು, ಅರ್ಥ ಇನ್ನೊಬ್ಬರದು ಎಂಬ ಹಂಚಿಕೆ ಅನಿವಾರ್ಯವಲ್ಲ ಎಂಬುದಕ್ಕೆ ನಮಗೆ ದೂರ ಹೋಗಬೇಕಿಲ್ಲ.

ಸಾಕ್ಷ್ಯಚಿತ್ರ ಮಾಡುವವರನ್ನು ದೂರುವುದಕ್ಕಿಂತ ಅವರ ಕಷ್ಟ ತಿಳಿದುಕೊಳ್ಳುವುದು ಮೇಲು. ಅವರಿಗೆ ದೃಶ್ಯ ಬೇಕು, ದನಿ ಬೇಕು, ಹಳೆಯ ಫಿಲ್ಮು ಬೇಕು. ಶಿಪ್‌ರಾಕ್‌ನ ನವಾಹೋ ಹೆಂಗಸರನ್ನು 1996ರಲ್ಲಿ ಕ್ರಿಂಜ್ಲಿ ಹುಡುಕಿಕೊಂಡು ಹೋಗಲಿಲ್ಲವೆಂದರೆ, 1970ರಲ್ಲಿ ಅವರನ್ನು ಮಾತಾಡಿಸಿ ಇಟ್ಟ ಟೇಪುಗಳು ರಾಶಿ ಬಿದ್ದಿರಲಿಲ್ಲ ಎಂಬುದೂ ಒಂದು ಕಾರಣ. ಮುಂದಿನವರು ಹುಡುಕಿ ಬಂದಾಗ ಸಿಗುವಂತೆ ಇಡಬೇಕಾದವರು ಊರಿನವರು. ದೊಡ್ಡಬಳ್ಳಾಪುರದಂಥ ಊರುಗಳಲ್ಲಿ ಕೈಯಲ್ಲಿ ಕಾರ್ಡು ಕೊರೆದವರು, ಗ್ರಾಫ್ ಬರೆದವರು ಇನ್ನೂ ಇದ್ದಾರೆ, ವಯಸ್ಸಾಗುತ್ತಿದೆ. ಬಳಸಿ ಮುಗಿದ ಕಾರ್ಡಿನ ಕಟ್ಟು ರದ್ದಿಯ ತೂಕಕ್ಕೆ ಹೋಗುತ್ತದೆ, ಅದರ ಜೊತೆ ಒಂದು ಸೆರಗಿನ ಪೂರ್ತಿ ಲಿಪಿಯೂ ಹೋಗುತ್ತದೆ. ಕಾಲೇಜಿನ ಹುಡುಗ ಹುಡುಗಿಯರು ಮೊಬೈಲು ಹಿಡಿದು ಹೋಗಿ ಕೇಳಬಹುದಾದ ಪ್ರಶ್ನೆಗಳಿವೆ. ಒಂದು ತೂತು ತಪ್ಪಿ ಬಿದ್ದರೆ ಸೀರೆಯಲ್ಲಿ ಅದು ಹೇಗೆ ಕಾಣುತ್ತಿತ್ತು, ಯಾರ ಕಣ್ಣಿಗೆ ಮೊದಲು ಬೀಳುತ್ತಿತ್ತು, ತಪ್ಪನ್ನು ಹೇಗೆ ಮುಚ್ಚುತ್ತಿದ್ದಿರಿ? ಹೊಸ ಡಿಸೈನು ಮನಸ್ಸಿನಲ್ಲಿ ಮೊದಲು ಹೂವಾಗಿ ಬರುತ್ತಿತ್ತೋ, ಚೌಕಗಳಾಗಿ ಬರುತ್ತಿತ್ತೋ? ಕಂಪ್ಯೂಟರಿನ ಮುಂದೆ ಮೊದಲ ಸಲ ಕುಳಿತ ದಿನ ಅದು ಹೊಸತೆನಿಸಿತೇ, ಇದೆಲ್ಲ ಮೊದಲೇ ಗೊತ್ತಿದ್ದದ್ದೇ ಅನಿಸಿತೇ? ದೇವನಹಳ್ಳಿಯ ಕಾರ್ಖಾನೆಯ ಬಸ್ಸಿನಿಂದ ಇಳಿಯುವ ಹುಡುಗಿಯರನ್ನು ಕೇಳುವುದೂ ಇದೆ: ಬೆರಳು ಏನು ಕಲಿಯಿತು, ಎಷ್ಟು ದಿನ ಹಿಡಿಯಿತು, ಕಲಿಸಿದವರು ಯಾರು? ಉತ್ತರಗಳನ್ನು ಅವರ ಮಾತಿನಲ್ಲೇ, ತಿದ್ದದೆ, ತಾರೀಖು ಹಾಕಿ, ಊರಿನ ಗ್ರಂಥಾಲಯದಲ್ಲಿ ಒಂದು ಪ್ರತಿ, ಕಾಲೇಜಿನಲ್ಲಿ ಇನ್ನೊಂದು ಪ್ರತಿ ಇಡುವುದಕ್ಕೆ ದೊಡ್ಡ ಹಣವೇನೂ ಬೇಕಾಗುವುದಿಲ್ಲ.